ವಾಪಸ್ ಬರುವ ಸೆಲ್ಯೂಟ್

ಕಾರವಾರದ ಕಡೆಯವನು ಅಂದ್ರೆ ಬೆಂಗಳೂರಲ್ಲಿ ಎರಡು ಪ್ರಶ್ನೆ ಗ್ಯಾರಂಟಿ. ಒಂದು ಮೀನಿನದ್ದು, ಇನ್ನೊಂದು ನೇವಿಯದ್ದು. ನಮ್ಮೂರು ಬಿಣಗಾ, ಪಕ್ಕದಲ್ಲೇ ಅರ್ಗಾ, ಅಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ. ಹಾಗಾಗಿ ಯೂನಿಫಾರ್ಮಿನ ವಿಷಯವೆಲ್ಲ ನನಗೆ ಗೊತ್ತಿರುತ್ತೆ ಅಂತ ಆಫೀಸಿನವರ ನಂಬಿಕೆ. ಕೋಡ್ ಬರೆದು ಹೊಟ್ಟೆ ಹೊರೆಯುವವನಿಗೆ ಅಷ್ಟೆಲ್ಲ ಎಲ್ಲಿಂದ ಬರಬೇಕು? ಆದರೂ ನೇವಿ ಗೇಟಿನ ಹೊರಗೆ ಬೆಳೆದವನ ಕಿವಿಗೆ ಒಂದಿಷ್ಟು ಬಿದ್ದಿರುತ್ತೆ. ಉಳಿದದ್ದನ್ನು ಓದಿಕೊಂಡೆ.

ನಮ್ಮ ಸಿನಿಮಾಗಳ ಪ್ರಕಾರ ಸೈನಿಕ ಅಂದ್ರೆ ಕಂಡಲ್ಲೆಲ್ಲ ಸೆಲ್ಯೂಟ್ ಹೊಡೆಯುವವನು. ನಿಜವಾಗಿ ನಮ್ಮ ಪಡೆಗಳಲ್ಲಿ ತಲೆಯ ಮೇಲೆ ಟೋಪಿಯೋ ಪೇಟವೋ ಇಲ್ಲದಿದ್ದರೆ ಕೈ ಎತ್ತುವುದಿಲ್ಲ, ಅಟೆನ್ಷನ್‌ನಲ್ಲಿ ನೆಟ್ಟಗೆ ನಿಲ್ಲುತ್ತಾರೆ, ಅಷ್ಟೇ. ಮೂರೂ ಪಡೆಗಳ ಸೆಲ್ಯೂಟ್ ಒಂದೇ ಥರ ಅನ್ನೋದೂ ತಪ್ಪು. ಭೂಸೇನೆಯವರ ಅಂಗೈ ಎದುರಿಗೆ ಕಾಣುತ್ತದೆ, ನೌಕಾಪಡೆಯವರ ಅಂಗೈ ನೆಲ ನೋಡುತ್ತದೆ, ವಾಯುಪಡೆಯವರು 2006ರಲ್ಲಿ ಎರಡರ ನಡುವಿನ 45 ಡಿಗ್ರಿಗೆ ಬದಲಾಯಿಸಿಕೊಂಡರು. ಹಗ್ಗ, ಡಾಂಬರು ಮುಟ್ಟಿ ಕೊಳೆಯಾದ ನಾವಿಕನ ಕೈ ಅಧಿಕಾರಿಗೆ ಕಾಣಬಾರದು ಅಂತ ಅಂಗೈ ಕೆಳಗೆ ಮಾಡಿದರಂತೆ. ಕಥೆ ಚೆನ್ನಾಗಿದೆ.

ಇನ್ನು ಗೋಕರ್ಣಕ್ಕೆ ಟ್ರಿಪ್ ಹೋಗುವ ನಮ್ಮವರ ಕ್ಯಾಮೊಫ್ಲಾಜ್ ಚಡ್ಡಿ. ಅದಕ್ಕೆ ಕೇಸ್ ಬೀಳುತ್ತಾ ಅಂತ ಒಬ್ಬ ನಿಜಕ್ಕೂ ಹೆದರಿ ಕೇಳಿದ್ದ. ಭಾರತೀಯ ನ್ಯಾಯ ಸಂಹಿತೆಯ 168ನೇ ಸೆಕ್ಷನ್, ಅಂದರೆ ಹಳೇ ಐಪಿಸಿ 140, ಮುಖ್ಯವಾಗಿ ನೋಡುವುದು ಉದ್ದೇಶವನ್ನು. ಸೈನಿಕ ಅಲ್ಲದವನು, ಜನ ತನ್ನನ್ನು ಸೈನಿಕ ಅಂತ ನಂಬಲಿ ಅಂತಲೇ ಆ ಉಡುಪು ತೊಟ್ಟರೆ ಅಪರಾಧ. ಚಡ್ಡಿ ಹಾಕಿಕೊಂಡು ಬೀಚಲ್ಲಿ ಬಿದ್ದುಕೊಂಡವನನ್ನು ಯಾರೂ ಹಾಗೆ ನಂಬುವುದಿಲ್ಲ ಬಿಡಿ.

ಇವೆಲ್ಲ ಸಣ್ಣಪುಟ್ಟವು. ದೊಡ್ಡ ತಪ್ಪು ತಿಳಿವಳಿಕೆ ಯಾವುದು ಅಂದ್ರೆ, ಸೆಲ್ಯೂಟ್ ಮನುಷ್ಯನಿಗೆ ಅನ್ನೋದು.

ಕಾರವಾರದ ಟಾಗೋರ್ ಕಡಲತೀರದಲ್ಲಿ, ಚಾಪೆಲ್ ಯುದ್ಧನೌಕೆಯ ಪಕ್ಕ, ಮೇಜರ್ ರಾಮಾ ರಾಘೋಬಾ ರಾಣೆಯವರ ಪ್ರತಿಮೆ ಇದೆ. ಚೆಂಡಿಯಾ ಮೂಲದವರು, ನಮ್ಮ ಆಸುಪಾಸಿನವರೇ. ಪರಮವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದ ಮೊದಲಿಗರು. 1940ರಲ್ಲಿ ಬಾಂಬೆ ಎಂಜಿನಿಯರ್ಸ್ ಸೇರಿ, ಕೆಳಗಿನಿಂದ ಮೇಲೆ ಬಂದವರು. ಸೆಕೆಂಡ್ ಲೆಫ್ಟಿನೆಂಟ್ ಆಗಿ ಕಮಿಷನ್ ಸಿಕ್ಕಿದ್ದು 1947ರ ಡಿಸೆಂಬರ್ 15ಕ್ಕೆ. ಅಲ್ಲಿಯವರೆಗೆ ಏಳು ವರ್ಷ ಅಧಿಕಾರಿಗಳಿಗೆ ಸೆಲ್ಯೂಟ್ ಹೊಡೆದವರು, ಅವತ್ತಿನಿಂದ ಹೊಡೆಸಿಕೊಳ್ಳುವವರಾದರು. ರಾತ್ರಿ ಬೆಳಗಾಗುವುದರೊಳಗೆ ಮನುಷ್ಯ ಬದಲಾಗಲಿಲ್ಲವಲ್ಲ? ನೌಶೇರಾ-ರಜೌರಿ ರಸ್ತೆಯಲ್ಲಿ ಮೈನ್‌ಗಳನ್ನೂ ಅಡ್ಡಗಟ್ಟುಗಳನ್ನೂ ತೆರವು ಮಾಡಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟ ಆ ಸಾಹಸ 1948ರ ಏಪ್ರಿಲ್‌ನದ್ದು. ಸೆಲ್ಯೂಟ್ ಅದಕ್ಕೂ ನಾಲ್ಕು ತಿಂಗಳು ಮೊದಲೇ ಶುರುವಾಗಿತ್ತು. ಅದು ಶೌರ್ಯ ನೋಡಿ ಬಂದದ್ದಲ್ಲ, ಕಮಿಷನ್ನಿಗೆ ಸಂದದ್ದು.

ನಮ್ಮ ಐಟಿ ಮಂದಿಗೆ ಇದು ಇಷ್ಟವಾಗಲ್ಲ. ಮರ್ಯಾದೆ ಗಳಿಸೋದು, ಕುರ್ಚಿಗೆ ಕೊಡೋದಲ್ಲ ಅಂತೀವಿ. ಅಯೋಗ್ಯ ಅಧಿಕಾರಿಗೂ ಅದೇ ಸೆಲ್ಯೂಟಾ ಅಂತ ಕೇಳಿದ್ರೆ, ಹೌದು, ಅದೇ. ಆದರೆ ಅಲ್ಲಿ ಕೇಳುವುದು ಕೈಯನ್ನು ಮಾತ್ರ, ಮನಸ್ಸನ್ನಲ್ಲ. ಒಳಗೊಳಗೆ ಬೈದುಕೊಂಡೂ ಕೈ ಎತ್ತಬಹುದು. ನಾವು ಬಾಸನ್ನು ಹೆಸರು ಹಿಡಿದು ಕರೀತೀವಿ, ಮೇಲು-ಕೀಳು ಹೋಯ್ತು ಅಂದುಕೊಳ್ಳುತ್ತೀವಿ. ಆಮೇಲೆ ಕಾಲ್‌ನಲ್ಲಿ ಅವರ ಸಪ್ಪೆ ಐಡಿಯಾಕ್ಕೆ 'ಸೂಪರ್' ಅನ್ನುತ್ತೀವಿ. ಮೆಚ್ಚಿದ ನಾಟಕಕ್ಕಿಂತ ಕೈ ಎತ್ತುವುದು ಪ್ರಾಮಾಣಿಕ ಅಂತ ನನಗನ್ನಿಸುತ್ತೆ.

ಸೆಲ್ಯೂಟಿನ ಇನ್ನರ್ಧ ಯಾರ ಕಣ್ಣಿಗೂ ಬೀಳುವುದಿಲ್ಲ. ಕಿರಿಯ ಮೊದಲು ಹೊಡೆಯುತ್ತಾನೆ, ಹಿರಿಯ ಅದನ್ನು ಹಿಂತಿರುಗಿಸಬೇಕು. ಅದು ದೊಡ್ಡತನ ಅಲ್ಲ, ಕರ್ತವ್ಯ. ಕೆಳಗಿನವನ ಕೈ ಗಾಳಿಯಲ್ಲಿ ಸುಮ್ಮನೆ ನಿಲ್ಲಬಾರದು.

ಇದರ ಬೆಲೆ ನನಗೆ ಗೊತ್ತಾಗುವುದು ಅಪ್ಪನಿಂದ. ಸೀಬರ್ಡ್ ಯೋಜನೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, ನೆಲೆ ಶುರುವಾದದ್ದು 2005ರಲ್ಲಿ. ನಡುವಿನ ಆ ವರ್ಷಗಳಲ್ಲಿ ಕಾರವಾರ, ಅಂಕೋಲಾದ ಎಷ್ಟೋ ಮನೆಗಳವರು ಜಾಗ ಬಿಟ್ಟು, ಕಾಗದ ಹಿಡಿದು ಕಚೇರಿಗಳಿಗೆ ಅಲೆದರು. ನಮ್ಮ ಗದ್ದೆಯೂ ಹೋಯಿತು. ಯಾವ ಕಚೇರಿ ಅಂತ ಇಲ್ಲಿ ಬೇಡ. ಅಪ್ಪ ಹೋಗಿ ಕೈಮುಗಿದು ನಿಂತರಂತೆ, ಕುರ್ಚಿಯಲ್ಲಿದ್ದವರು ಫೈಲಿನಿಂದ ಕಣ್ಣೆತ್ತಲಿಲ್ಲವಂತೆ. "ಬೈದಿದ್ರೂ ಬೇಜಾರಿಲ್ಲಾಗಿತ್ತು. ಮುಗಿದ ಕೈ ಯಾವಾಗ ಇಳಿಸೂದು ಅಂತ್ಲೇ ಗೊತ್ತಾಗಲಿಲ್ಲ" ಅಂತ ಈಗಲೂ ಹೇಳ್ತಾರೆ. ಪರಿಹಾರದ ಲೆಕ್ಕ ಅವರಿಗೆ ಮರೆತಿದೆ. ಇದನ್ನು ಮರೆತಿಲ್ಲ.

ಇತ್ತ ನಮ್ಮ ಟೆಕ್ ಪಾರ್ಕ್. ಗೇಟಿನಲ್ಲಿ ಅಪ್ಪನ ವಯಸ್ಸಿನ ಸೆಕ್ಯುರಿಟಿಯವರು ಪ್ರತಿ ಕಾರಿಗೂ ಸೆಲ್ಯೂಟ್ ಹೊಡೆಯುತ್ತಾರೆ. ಮಿಲಿಟರಿ ಶಿಸ್ತು ಅಂತ ನಮ್ಮವರಿಗೆ ಖುಷಿ. ಶಿಸ್ತು ಎಲ್ಲಿಂದ ಬಂತು, ಅರ್ಧ ಬಿಟ್ಟು ಅರ್ಧ ತಂದಿದ್ದೇವೆ. ಈ ಸೆಲ್ಯೂಟನ್ನೇ ನಿಲ್ಲಿಸಿಬಿಡಬೇಕು ಅಂತಾನೆ ಒಬ್ಬ ಗೆಳೆಯ. ಅಷ್ಟು ಬೇಕಿಲ್ಲ ಅಂತ ನನ್ನ ವಾದ. ನಾವೇನೂ ವಾಪಸ್ ಸೆಲ್ಯೂಟ್ ಹೊಡೆಯಬೇಕಾಗಿಲ್ಲ, ನಮಗೆ ಟೋಪಿಯೂ ಇಲ್ಲ. ಗಾಜು ಇಳಿಸಿ ಒಂದು ನಮಸ್ಕಾರ, ಮೊಬೈಲಿನಿಂದ ಎರಡು ಸೆಕೆಂಡ್ ಕಣ್ಣು. ಬೆಳಿಗ್ಗೆ ಒಂಬತ್ತರ ರಶ್‌ನಲ್ಲಿ ಯಾರಪ್ಪಾ ಗಾಜು ಇಳಿಸ್ತಾರೆ ಅಂದ ಅವನು. ಅದೂ ನಿಜವೇ. ಅದಕ್ಕೇ ಸೇನೆಯವರು ಇದನ್ನು ಮೂಡಿಗೆ ಬಿಡದೆ ನಿಯಮ ಮಾಡಿಕೊಂಡಿರಬೇಕು. ನಮ್ಮ ಪಾರ್ಕಿನಲ್ಲೂ ನಿಯಮಗಳಿವೆ. ಸೆಕ್ಯುರಿಟಿಯವರು ಎದ್ದು ನಿಂತು ಸೆಲ್ಯೂಟ್ ಹೊಡೆಯಬೇಕು. ಕಾರಿನೊಳಗಿದ್ದವರಿಗೆ ಇರುವುದು ಎರಡೇ: ಸ್ಟಿಕ್ಕರ್ ಅಂಟಿಸಿರಬೇಕು, ಸ್ಪೀಡು 20 ದಾಟಬಾರದು.