ಕೊಡುವದು ಯಾವಾಗ ಪೂರ್ಣವಾಗುವದು?

ಒಬ್ಬನಿಗೆ ಸಲ್ಲತಕ್ಕದ್ದನ್ನು ಅವನ ಬಾಗಿಲಲ್ಲಿಟ್ಟು ಬಂದರೆ ಕರ್ತವ್ಯವು ತೀರಿತೋ? ಅವನು ಅದನ್ನು ಎತ್ತಿಕೊಳ್ಳಲಾರದವನಾಗಿದ್ದರೆ ಏನು ಹೇಳೋಣ? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳ ಹಳ್ಳಿಗಳಲ್ಲಿರುವ ವೃದ್ಧ ಮಾಜಿ ಸೈನಿಕರ ವಿಷಯದಲ್ಲಿ ಈ ಪ್ರಶ್ನೆಯು ನಮ್ಮೆದುರಿಗೆ ನಿಂತಿದೆ.

ಸರಕಾರವು ಅವರನ್ನು ಮರೆತಿತೆಂದು ಹೇಳಕೂಡದು. ನಿವೃತ್ತಿವೇತನವುಳ್ಳ ಮಾಜಿ ಸೈನಿಕರಿಗೂ ಅವರ ಪತ್ನಿಯರಿಗೂ ವೈದ್ಯಸಹಾಯ ಕೊಡುವ ಯೋಜನೆಯು 2003 ರಲ್ಲಿ ಆರಂಭವಾಯಿತು. ರೋಗಿಯು ಮನೆಯಲ್ಲಿದ್ದುಕೊಂಡೇ ಮೊಬೈಲಿನಲ್ಲಿ ವೈದ್ಯನ ಸಂಗಡ ಮಾತಾಡುವ ಅನುಕೂಲವು 2020 ರಲ್ಲಿ ಇ-ಸಂಜೀವನಿಯಿಂದ ಉಂಟಾಯಿತು. 2021 ರ ಮೇ 27 ರಂದು ರಕ್ಷಣಾ ಇಲಾಖೆಯು ಸೈನಿಕರಿಗೂ ಮಾಜಿ ಸೈನಿಕರಿಗೂ 'ಸೇಹತ್' ಎಂಬ ಅಂಥಾ ಸೇವೆಯನ್ನೇ ತೆರೆಯಿತು. ಮೊಣಕಾಲು ಸೋತ ಮುದುಕನು ಬಸ್ಸು ಹತ್ತಿ ಹುಬ್ಬಳ್ಳಿಯ ತನಕ ಹೋಗುವ ಶ್ರಮವು ಇವುಗಳಿಂದ ತಪ್ಪಬಹುದು.

ಆದರೂ ಕೈಗೆ ಬಂದ ತುತ್ತು ಬಾಯಿಗೆ ಬಾರದೆಂಬ ಮಾತು ಇಲ್ಲಿ ನಿಜವಾಗುವದುಂಟು. ಇ-ಸಂಜೀವನಿಯ ಬಾಗಿಲು ತೆರೆಯಬೇಕಾದರೆ ಮೊಬೈಲಿಗೆ ಬರುವ ಅಂಕೆಗಳನ್ನು ಓದಿ ಸ್ವಲ್ಪ ಹೊತ್ತಿನೊಳಗೆ ಒತ್ತಬೇಕು. ಆ ಮೊಬೈಲಾದರೋ ಮೊಮ್ಮಗನ ಜೇಬಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗಿರಬಹುದು. ಕಣ್ಣು ಮಂಜಾದವನಿಗೆ ಅಂಕೆ ಕಾಣದು. ಕಿವಿ ಮಂದವಾದವನಿಗೆ ಮಾತು ಕೇಳದು. ಸಿಪಾಯಿಯು ದಂಡಿನಲ್ಲಿ ಹಿಂದಿಯನ್ನು ಕಲಿತಿದ್ದಾನು. ಅವನ ವಿಧವೆಗೆ ಕನ್ನಡವೊಂದೇ ಬರುವದು. ಬೇರೆ ಸೀಮೆಯ ವೈದ್ಯನ ಮುಂದೆ ಆಕೆಯು ಏನು ಹೇಳ್ಯಾಳು?

ಇವೆಲ್ಲಕ್ಕಿಂತ ಸೂಕ್ಷ್ಮವಾದ ಅಡ್ಡಿಯೊಂದುಂಟು. ಮೂತ್ರದ ಬಾಧೆಯನ್ನಾಗಲಿ ರಾತ್ರಿಯ ಭಯವನ್ನಾಗಲಿ, ಹುಡುಗನೊಬ್ಬನು ಮೊಬೈಲ್ ಹಿಡಿದು ನಿಂತಿರುವಾಗ ಹೇಳುವದು ಹೇಗೆ? ಒಂದು ಕಾಲದಲ್ಲಿ ಹತ್ತು ಜನರನ್ನು ನಡಿಸಿದವನು, ನನಗೇನೂ ಇಲ್ಲವೆಂದು ಸುಮ್ಮನಾಗುವನು. ನಾವು ಅದನ್ನು ಹಟವೆನ್ನುತ್ತೇವೆ. ಆದರೆ ಅದು ಅವನು ತನ್ನ ಮಾನಕ್ಕಾಗಿ ನಿಲ್ಲಿಸಿದ ಕೊನೆಯ ಪಹರೆಯಾಗಿರಬಹುದು.

ಆದಕಾರಣ ಕೊಡುವದು ಕೊಡುವವನ ಕೈಯಲ್ಲಿ ಅಲ್ಲ, ತಕ್ಕೊಳ್ಳುವವನ ಕೈಯಲ್ಲಿಯೇ ಪೂರ್ಣವಾಗುವದು. ಸೇವೆಯನ್ನು ಸುಗಮಮಾಡುವ ಭಾರವು ಅದನ್ನು ನಡಿಸುವವರದೇ ಸರಿ. ಆದರೆ ಅಷ್ಟರ ವರೆಗೆ ಯಂತ್ರಕ್ಕೂ ಮನುಷ್ಯನಿಗೂ ನಡುವಿರುವ ಒಂದು ಮೊಳದ ಅಂತರವನ್ನು ನೆರೆಯವರು ತುಂಬಬೇಕು. ಇದು ದೊಡ್ಡ ಕಾರ್ಯವಲ್ಲ. ಊರಿನ ಆರೋಗ್ಯ ಕೇಂದ್ರಕ್ಕೆ ಅವರ ಜೊತೆಯಾಗಿ ಹೋಗಿರಿ. ಅಲ್ಲಿಯ ಸಿಬ್ಬಂದಿಯವರು ಇ-ಸಂಜೀವನಿಯಲ್ಲಿ ವೈದ್ಯನನ್ನು ಕೂಡಿಸಿಕೊಡುವದುಂಟು. ಮನೆಯಲ್ಲಾದರೆ ಅಂಕೆಗಳನ್ನು ಒತ್ತಿಕೊಡಿರಿ. ಮಾತು ಆರಂಭವಾಗುವ ಮೊದಲು, ನಾನು ಇರಲೋ, ಹೊರಗೆ ಹೋಗಲೋ ಎಂದು ಅವರನ್ನೇ ಕೇಳಿರಿ. ಹೋಗೆಂದರೆ ಬಾಗಿಲು ಮುಚ್ಚಿಕೊಂಡು ಹೋಗಿರಿ; ಇರೆಂದರೆ ಕೇಳಿದ್ದನ್ನು ಯಾರಿಗೂ ಹೇಳದೆ ಇರಿ. ಸಹಾಯಕ್ಕೆ ಬರುವದನ್ನು ಅನೇಕರು ಬಲ್ಲರು. ಮಾನವುಳಿಸಿ ಸರಿದು ನಿಲ್ಲುವದನ್ನು ನಾವು ಇನ್ನೂ ಕಲಿಯತಕ್ಕದ್ದದೆ.