ಬೆಸುಗೆ ಮತ್ತು ಕರ್ಮಫಲ

ಯಾಗ ಮುಗಿದು ಎಷ್ಟೋ ಕಾಲದ ಮೇಲೆ ದೊರೆಯುವ ಫಲಕ್ಕೂ ಯಾಗಕ್ಕೂ ನಡುವಣ ಕೊಂಡಿಯಾಗಿ ಪೂರ್ವಮೀಮಾಂಸಕರು ‘ಅಪೂರ್ವ’ವೆಂಬ ಕಾಣದ ಶಕ್ತಿಯನ್ನು ಒಪ್ಪಿದರು. ಉಕ್ಕಿನ ಬೆಸುಗೆಯಲ್ಲಿ ಅಂಥ ಕೊಂಡಿ ಜಲಜನಕ: ಎಲೆಕ್ಟ್ರೋಡಿನ ಲೇಪನ ಹೀರಿಕೊಂಡ ತೇವವು ವಿದ್ಯುತ್ ಚಾಪದ ಬಿಸಿಗೆ ಒಡೆದು, ಅದರ ಜಲಜನಕ ಕರಗಿದ ಲೋಹವನ್ನು ಸೇರಿ, ಪಕ್ಕದ ಗಡುಸಾದ ಭಾಗಕ್ಕೆ ಸರಿದು, ಬೆಸುಗೆ ತಣಿದ ಎಷ್ಟೋ ಗಂಟೆಗಳ, ಕೆಲವೊಮ್ಮೆ ದಿನಗಳ ಬಳಿಕ ಬಿರುಕು ತರುತ್ತದೆ. ಆದ್ದರಿಂದಲೇ ಭೂಕಂಪವನ್ನು ತಾಳಬೇಕಾದ ಕಟ್ಟಡಗಳಿಗೆ ಇ7018ರಂಥ ಕಡಿಮೆ ಜಲಜನಕದ ಎಲೆಕ್ಟ್ರೋಡುಗಳನ್ನು ಆರಿಸಿ, ತೇವ ಹಿಡಿದವನ್ನು 260ರಿಂದ 430 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕನಿಷ್ಠ 2 ಗಂಟೆ ಒಣಗಿಸುತ್ತಾರೆ.

ಜಲಜನಕವೊಂದನ್ನೇ ದೂರುವುದೂ ಸರಿಯಲ್ಲ. 1994ರ ಜನವರಿ 17ರಂದು ಕ್ಯಾಲಿಫೋರ್ನಿಯದ ನಾರ್ತ್‌ರಿಡ್ಜ್ ಭೂಕಂಪದಲ್ಲಿ ತೊಲೆ-ಕಂಬಗಳ ಬೆಸುಗೆಗಳು ಬಿರಿದದ್ದಕ್ಕೆ ಬೆಸುಗೆ ಲೋಹದ ತಾಳಿಕೆ, ಅಂದರೆ ಬಿರುಕು ಹರಡದಂತೆ ತಡೆಯುವ ಗುಣ, ಕಡಿಮೆಯಿದ್ದದ್ದೂ ಜೋಡಣೆಯ ವಿನ್ಯಾಸವೂ ಕೆಲಸದ ಲೋಪಗಳೂ ಕಾರಣವಾಗಿದ್ದವು. ಹಲವು ಬಿರುಕುಗಳು ಹೊದಿಕೆ ಬಿಚ್ಚಿದ ಮೇಲಷ್ಟೇ ಕಂಡವು. ಮೀಮಾಂಸೆಯ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಅಪೂರ್ವವು ಇಂದ್ರಿಯಕ್ಕೆ ನಿಲುಕದ್ದು; ಜಲಜನಕವನ್ನಾದರೋ 100 ಗ್ರಾಂ ಬೆಸುಗೆ ಲೋಹಕ್ಕೆ ಇಷ್ಟು ಮಿಲಿಲೀಟರ್ ಎಂದು ಅಳೆಯಬಹುದಾದ್ದರಿಂದ, ಅಳೆಯದೆ ಬಿಟ್ಟವರು ಬಿರುಕಿನ ಹೊಣೆಯನ್ನು ದೈವದ ಮೇಲೆ ಹೊರಿಸುವುದಕ್ಕೆ ಕರ್ಮಸಿದ್ಧಾಂತದಲ್ಲಿ ಆಧಾರವಿಲ್ಲ.