ಹೊದ್ದ ಕಂಬಳಿ

ಉಣ್ಣೆಗೆ ಮೈಲಿಗೆಯಿಲ್ಲವೆಂಬುದು ನಮ್ಮ ಹಿರಿಯರ ಮಾತು. ಹತ್ತಿಯ ಪಂಚೆ ಸೋಂಕಿದರೆ ಕೆಡುತ್ತದೆ, ಕಂಬಳಿ ಕೆಡದು. ಮಡಿಬಟ್ಟೆ ಒಣಗದ ಮಳೆಗಾಲದಲ್ಲಿ ಧಾಬಳಿ ಉಟ್ಟು ದೇವರ ಪೂಜೆ ಮುಗಿಸಿದ ಮನೆಗಳು ನಮ್ಮಲ್ಲಿ ಕಡಮೆಯೇನಲ್ಲ.

ಹಾಗಿದ್ದೂ, ಹೇಮಾವತಿಯ ದಡದ ಅಕ್ಕಿಹೆಬ್ಬಾಳಿನಲ್ಲಿ ಕುರಿ ಕಾಯುವವರೊಬ್ಬರು ಹೊದ್ದು ಹಳೆಯದಾದ ಚಳ್ಳಕೆರೆ ಸೀಮೆಯ ಕರಿಯ ಕಂಬಳಿಯನ್ನು ನಾನು ಕೊಂಡು ತಂದಾಗ, ಮನೆಯಲ್ಲಿ ಎದ್ದ ಮೊದಲ ಮಾತು, "ಯಾರು ಹೊದ್ದದ್ದೋ!"

ಕೊಳೆಯ ಚಿಂತೆಯಾದರೆ ಉಪಾಯ ಸುಲಭ. ಚೆನ್ನಾಗಿ ಕೊಡವಿ, ಬಿಸಿಲು ಕಾಣಿಸಿ, ಅಂಟುವಾಳದ ನೊರೆ ಬೆರೆತ ತಣ್ಣೀರಿನಲ್ಲಿ ಅದ್ದಿ ಮೆಲ್ಲನೆ ಅದುಮಬೇಕು; ಹಿಂಡಬಾರದು. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದ ಹುರುಪೆಗಳಿವೆ. ಬಿಸಿನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ತೊಡರಿ ಕಂಬಳಿ ಕುಗ್ಗಿಬಿಡುತ್ತದೆ. ಆಮೇಲೆ ನೆರಳಿನಲ್ಲಿ ಹರಡಿ ಒಣಗಿಸಿದರಾಯಿತು.

ಕೊಳೆ ಹೋಯಿತು, ಪ್ರಶ್ನೆ ಹೋಗಲಿಲ್ಲ. ಅದು ಹೊದ್ದವನನ್ನು ಕುರಿತದ್ದೆಂದು ಆಗ ತಿಳಿಯಿತು. ಉಣ್ಣೆಗೆ ಕೊಟ್ಟ ರಿಯಾಯಿತಿಯನ್ನು ನಾವು ಕುರಿ ಕಾದವನಿಗೆ, ಕಂಬಳಿ ನೇಯ್ದವನಿಗೆ ಕೊಟ್ಟಿಲ್ಲ.

ಹುಣಿಸೆಬೀಜದ ಗಂಜಿ ಕುಡಿದ ಹೊಸ ಕಂಬಳಿ ಮೈಗೆ ಒರಟು. ಮಳೆಗೂ ಚಳಿಗೂ ಯಾರೋ ಹೊದ್ದು ಸವೆಸಿದ ಮೇಲೆಯೇ ಅದು ಮೆತ್ತಗಾಗುವುದು. ಆ ಮೆದುವನ್ನು ಸುಖವಾಗಿ ಹೊದ್ದುಕೊಂಡು, ಅದನ್ನು ತಂದುಕೊಟ್ಟ ಮೈಯನ್ನು ಮಾತ್ರ ಒಲ್ಲೆನೆನ್ನುವುದು ಯಾವ ಮಡಿ?